ಮಗು ಶುರುಮಾಡಿದ ಮಾತನ್ನು ಮುಂದುವರಿಸುವುದು ಹೇಗೆ: ಪುಟ್ಟ ಮಕ್ಕಳ ಶಿಕ್ಷಕರಿಗೊಂದು ಕೈಪಿಡಿ

ಪುಟ್ಟ ಮಕ್ಕಳ ತರಗತಿಯಲ್ಲಿ ದಿನವಿಡೀ ಮಾತು ಕೇಳಿಸುತ್ತಿರುತ್ತದೆ. ಆದರೆ ಅದರಲ್ಲಿ ಮಾತುಕತೆ ಎನ್ನಬಹುದಾದದ್ದು ಕಡಿಮೆ. ಶಿಕ್ಷಕಿ ಒಂದು ಚಿತ್ರ ತೋರಿಸಿ ‘ಇದೇನು?’ ಎನ್ನುತ್ತಾರೆ, ಮಗು ‘ಹಸು’ ಎನ್ನುತ್ತದೆ, ಶಿಕ್ಷಕಿ ‘ಜಾಣೆ’ ಎಂದು ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಪ್ರಶ್ನೆ, ಉತ್ತರ, ಮೆಚ್ಚುಗೆ ಎಂಬ ಈ ಮೂರು ಹೆಜ್ಜೆಗಳಲ್ಲಿ ಮಗುವಿಗೆ ಸಿಗುವುದು ನಡುವಿನ ಒಂದೇ ಒಂದು ಪದದಷ್ಟು ಜಾಗ, ಅದೂ ಶಿಕ್ಷಕಿಗೆ ಮೊದಲೇ ಗೊತ್ತಿರುವ ಉತ್ತರಕ್ಕಾಗಿ. ಮಗು ಹೇಳಿದ್ದಕ್ಕೆ ತಕ್ಕಂತೆ ಶಿಕ್ಷಕಿಯ ಮುಂದಿನ ಮಾತು ಬದಲಾದಾಗ ಮಾತ್ರ ಅದು ಮಾತುಕತೆಯಾಗುತ್ತದೆ. ಹಾಗೆ ಬದಲಾಗುವಂತೆ ನಮ್ಮ ಅಭ್ಯಾಸವನ್ನು ತಿದ್ದಿಕೊಳ್ಳುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಹಾರ್ವರ್ಡ್ ವಿಶ್ವವಿದ್ಯಾಲಯದ ಮಕ್ಕಳ ಬೆಳವಣಿಗೆಯ ಕೇಂದ್ರವು ಇಂಥ ಮಾತುಕತೆಯನ್ನು ‘ಸರ್ವ್ ಅಂಡ್ ರಿಟರ್ನ್’ (ಟೆನಿಸ್ ಆಟದಲ್ಲಿ ಚೆಂಡನ್ನು ಹೊಡೆದು ಮರಳಿಸುವಂತೆ) ಎಂದು ಕರೆದು ಪ್ರಚಾರಕ್ಕೆ ತಂದಿದೆ. ಮಗು ನೋಟದಿಂದಲೋ ಸದ್ದಿನಿಂದಲೋ ಮಾತಿನಿಂದಲೋ ಒಂದು ಆರಂಭ ಮಾಡುತ್ತದೆ, ದೊಡ್ಡವರು ಅದಕ್ಕೇ ಹೊಂದುವ ಪ್ರತಿಕ್ರಿಯೆ ಕೊಡುತ್ತಾರೆ, ಮಗು ಮತ್ತೆ ಅದಕ್ಕೆ ಏನನ್ನೋ ಸೇರಿಸುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ 4ರಿಂದ 6 ವರ್ಷದ 36 ಮಕ್ಕಳ ಮನೆಯಲ್ಲಿ ನಡೆಯುವ ಮಾತನ್ನು ಧ್ವನಿಮುದ್ರಿಸಿಕೊಂಡು, ಅವರು ಕಥೆ ಕೇಳುವಾಗ ಮೆದುಳು ಹೇಗೆ ಕೆಲಸಮಾಡುತ್ತದೆಂದು ನೋಡಲಾಯಿತು. ದೊಡ್ಡವರೊಡನೆ ಹೆಚ್ಚು ಬಾರಿ ಮಾತಿನ ಸರದಿ ಹಂಚಿಕೊಂಡ ಮಕ್ಕಳಲ್ಲಿ ಭಾಷೆಗೆ ಸಂಬಂಧಿಸಿದ, ಮೆದುಳಿನ ಬ್ರೋಕಾ ಎಂಬ ಭಾಗ ಹೆಚ್ಚು ಚುರುಕಾಗಿತ್ತು. ದೊಡ್ಡವರು ಒಟ್ಟು ಎಷ್ಟು ಮಾತಾಡಿದರು ಎಂಬುದನ್ನೂ ಕುಟುಂಬದ ಆರ್ಥಿಕ ಸ್ಥಿತಿಯನ್ನೂ ಬದಿಗಿಟ್ಟು ಲೆಕ್ಕಹಾಕಿದರೂ ಈ ಸಂಬಂಧ ಉಳಿಯಿತು. ಸಂಬಂಧವಿದೆ ಎಂದಮಾತ್ರಕ್ಕೆ ಅದೇ ಕಾರಣವೆಂದು ಸಾಬೀತಾಗುವುದಿಲ್ಲ, ನಿಜ. ಆದರೂ ಮಗುವಿನ ಕಿವಿಗೆ ಮಾತು ಸುರಿಯುವುದಕ್ಕಿಂತ ಅದರೊಡನೆ ಮಾತು ಹಂಚಿಕೊಳ್ಳುವುದು ಮೇಲು ಎಂಬ ಅನುಭವಿ ಶಿಕ್ಷಕರ ತಿಳಿವಳಿಕೆಗೆ ಇದು ಬಲ ಕೊಡುತ್ತದೆ.

ಮೊದಲ ಕೆಲಸವೆಂದರೆ ಮಗು ಮಾಡಿದ ಆರಂಭವನ್ನು ಗುರುತಿಸುವುದು. ಇದು ಕೇಳಿದಷ್ಟು ಸುಲಭವಲ್ಲ, ಏಕೆಂದರೆ ಹೆಚ್ಚಿನ ಆರಂಭಗಳು ಪ್ರಶ್ನೆಯ ರೂಪದಲ್ಲಿ ಬರುವುದಿಲ್ಲ. ಕೂಸು ಫ್ಯಾನಿನ ಕಡೆ ನೋಡಿ ಕೈಕಾಲು ಬಡಿಯುತ್ತದೆ; ವರ್ಷದ ಮಗು ಗೋಡೆಯ ಮೇಲಿನ ಇರುವೆಯತ್ತ ಬೆರಳು ಮಾಡಿ, ತಿರುಗಿ ನಿಮ್ಮ ಮುಖ ನೋಡುತ್ತದೆ; ಮೂರು ವರ್ಷದ ಮಗು ತಾನು ಗೀಚಿದ ಹಾಳೆಯನ್ನು ತಂದು ಏನೂ ಹೇಳದೆ ನಿಮ್ಮ ತೊಡೆಯ ಮೇಲಿಡುತ್ತದೆ. ಇವೆಲ್ಲವೂ ಆರಂಭಗಳೇ. ಅಳು ಮತ್ತು ಹಟ ಕೂಡ ಎಷ್ಟೋ ಸಲ, ಅದಕ್ಕೂ ಮೊದಲು ಯಾರ ಕಣ್ಣಿಗೂ ಬೀಳದೆ ಹೋದ ಒಂದು ಆರಂಭದ ಎರಡನೆಯ ಕಂತು. ಆದ್ದರಿಂದ ಮಗುವಿನ ಎತ್ತರಕ್ಕೆ ಇಳಿದು ಕುಳಿತುಕೊಳ್ಳಿ, ಮತ್ತು ಮಗುವಿನ ಮುಖವನ್ನು ನೋಡುವಷ್ಟೇ ಅದು ನೋಡುತ್ತಿರುವ ವಸ್ತುವನ್ನೂ ನೋಡಿ. ಅದು ಇರುವೆಯನ್ನು ನೋಡುತ್ತಿದ್ದರೆ ನಿಮ್ಮ ಕೈಯಲ್ಲಿರುವ ಬಣ್ಣದ ಕಾರ್ಡಿನ ಕಡೆಗೆ ಅದರ ಗಮನ ಸೆಳೆಯಬೇಡಿ. ಆ ಹೊತ್ತಿನ ಪಾಠ ಇರುವೆಯದ್ದೇ. ಕಣ್ಣಲ್ಲಿ ಕಣ್ಣಿಟ್ಟು ನೋಡಲು ಹಿಂಜರಿಯುವ ಮಕ್ಕಳ ಎದುರು ಕೂರುವುದಕ್ಕಿಂತ ಪಕ್ಕದಲ್ಲಿ ಕೂರುವುದು ಒಳ್ಳೆಯದು. ನೋಟವನ್ನು ಒತ್ತಾಯಿಸಿ ಪಡೆಯುವ ಅಗತ್ಯವಿಲ್ಲ. ಪದೇ ಪದೇ ಕರೆದರೂ ಸದ್ದಿಗೆ ತಿರುಗದ ಮಗುವಿದ್ದರೆ ಅದನ್ನು ಮೊಂಡು ಎಂದುಕೊಳ್ಳುವ ಮೊದಲು ಕಿವಿಯ ತಪಾಸಣೆ ಮಾಡಿಸುವಂತೆ ಪೋಷಕರಿಗೆ ಹೇಳುವುದು ಕ್ಷೇಮ.

ಎರಡನೆಯದು ಕಾಯುವುದು. ನನ್ನ ಮಟ್ಟಿಗೆ ಇಡೀ ವಿಧಾನದಲ್ಲಿ ಅತ್ಯಂತ ಅಗ್ಗದ ಮತ್ತು ಅತ್ಯಂತ ಕಷ್ಟದ ಭಾಗ ಇದೇ. 1970ರ ದಶಕದಲ್ಲಿ ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಿಕೆಗಳನ್ನು ಪರಿಶೀಲಿಸಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದು ಕಂಡುಕೊಂಡರು. ಅದನ್ನು 3 ಸೆಕೆಂಡಿಗೆ ಅಥವಾ ಅದಕ್ಕೂ ಹೆಚ್ಚಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ತಾವಾಗಿಯೇ ಮಾತಾಡುವವರು ಹೆಚ್ಚಿದರು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು. ಅವು ಶಾಲೆಗೆ ಹೋಗುವ ಮಕ್ಕಳ ತರಗತಿಗಳು. ಪದ ಹುಡುಕಿ, ನಾಲಿಗೆ ಹೊರಳಿಸಿ ಮಾತಾಡಬೇಕಾದ ಮೂರರ ಮಗುವಿಗೆ ಇನ್ನೂ ಹೆಚ್ಚು ಹೊತ್ತು ಬೇಕಾಗುತ್ತದೆ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಎಣಿಸುವಾಗ ಪ್ರಶ್ನೆಯನ್ನು ಬೇರೆ ಪದಗಳಲ್ಲಿ ಮತ್ತೆ ಕೇಳಬೇಡಿ, ಹಾಗೆ ಮಾಡಿದರೆ ಮಗು ಮೊದಲಿನಿಂದ ಯೋಚಿಸಬೇಕಾಗುತ್ತದೆ. ರೋ ಗುರುತಿಸಿದ ಇನ್ನೊಂದು ಮೌನವಿದೆ, ಅದು ಮಗು ಉತ್ತರಿಸಿದ ಮೇಲೆ ಬರಬೇಕಾದ ಮೌನ. ಮಗುವಿನ ಮಾತು ನಿಂತಂತೆ ಕಂಡ ಕೂಡಲೇ ನಾವು ‘ಹೌದಾ!’ ಎಂದು ನುಗ್ಗಿದರೆ, ಅದು ಉಸಿರು ತೆಗೆದುಕೊಂಡು ಹೇಳಲಿದ್ದ ಎರಡನೆಯ ವಾಕ್ಯ ಒಳಗೇ ಉಳಿಯುತ್ತದೆ. ಮೊದಲನೆಯ ವಾಕ್ಯಕ್ಕಿಂತ ಅದೇ ಹೆಚ್ಚು ಸ್ವಾರಸ್ಯವಾಗಿರುವುದುಂಟು.

ಇನ್ನು ಮರುಮಾತು. ಅದು ಮಗು ಈಗಷ್ಟೇ ಮಾಡಿದ್ದಕ್ಕೆ ಅಂಟಿಕೊಂಡಿರಬೇಕು ಮತ್ತು ಮಗುವಿನ ವಾಕ್ಯಕ್ಕಿಂತ ಸ್ವಲ್ಪವೇ ಉದ್ದವಿರಬೇಕು. ಇರುವೆಯತ್ತ ಬೆರಳು ಮಾಡಿದ ಮಗುವಿಗೆ ‘ಇರುವೆ. ಇರುವೆ ಮೇಲೆ ಹತ್ತುತ್ತಿದೆ’ ಎಂದರೆ ಸಾಕು. ಇರುವೆಗೆ ಆರು ಕಾಲು ಎಂಬ ಉಪನ್ಯಾಸ ಬೇಡ. ತಪ್ಪನ್ನು ತಿದ್ದುವುದೂ ಇದೇ ದಾರಿಯಲ್ಲಿ ಆಗಿಹೋಗುತ್ತದೆ. ಮಗು ‘ಅಣ್ಣ ಬಂತು’ ಎಂದರೆ ‘ಬಂತು ಅಲ್ಲ, ಬಂದ ಅನ್ನಬೇಕು’ ಎಂದು ತಡೆಯುವ ಬದಲು ‘ಹೌದು, ಅಣ್ಣ ಬಂದ. ಚೀಲ ಹಾಕಿಕೊಂಡು ಬಂದ’ ಎನ್ನಿ. ಸರಿಯಾದ ರೂಪ ಕಿವಿಗೆ ಬಿತ್ತು, ಮಾತೂ ಮುರಿಯಲಿಲ್ಲ.

ನಾಲ್ಕು ವರ್ಷದ ಮಗುವೊಂದು ಮರದ ತುಂಡುಗಳಿಂದ ಗೋಪುರ ಕಟ್ಟುತ್ತಿದೆ, ಗೋಪುರ ಕುಸಿಯುತ್ತದೆ ಎಂದಿಟ್ಟುಕೊಳ್ಳಿ.

‘ಬಿದ್ದೋಯ್ತು.’
‘ಹೂಂ, ಪೂರ್ತಿ ಬಿದ್ದೋಯ್ತು. ಮೊದಲು ಯಾವುದು ಅಲ್ಲಾಡಿತು?’
ಮಗು ತುಂಡುಗಳನ್ನು ನೋಡುತ್ತದೆ. ಶಿಕ್ಷಕಿ ಸುಮ್ಮನಿರುತ್ತಾರೆ.
‘ಇದು.’ ಒಂದು ಸಣ್ಣ ತುಂಡನ್ನು ಎತ್ತಿ ತೋರಿಸುತ್ತದೆ.
‘ಓ, ಅದಾ. ಅದರ ಮೇಲೆ ಈ ದೊಡ್ಡದು ಕೂತಿತ್ತು.’
‘ದೊಡ್ಡದು ಭಾರ. ಕೆಳಗಿಡ್ತೀನಿ.’
‘ಇಟ್ಟು ನೋಡು. ನಾನೂ ನೋಡ್ತೀನಿ.’

ಇಷ್ಟರಲ್ಲಿ ಶಿಕ್ಷಕಿ ಕೇಳಿದ್ದು ಒಂದೇ ಪ್ರಶ್ನೆ, ಅದರ ಉತ್ತರ ಅವರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಅವರ ಎರಡನೆಯ ಮಾತು ಪ್ರಶ್ನೆಯೇ ಅಲ್ಲ, ಕಂಡದ್ದನ್ನು ಕಂಡಂತೆ ಹೇಳಿದ ಒಂದು ವಾಕ್ಯ; ಕಾರಣವನ್ನು ಕಂಡುಕೊಂಡದ್ದು ಮಗುವೇ. ‘ಪರವಾಗಿಲ್ಲ, ಮತ್ತೆ ಕಟ್ಟು, ಶಭಾಷ್’ ಎಂದಿದ್ದರೆ ಅದೂ ಅಕ್ಕರೆಯ ಮಾತೇ, ಆದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮೆಚ್ಚುಗೆ ಬೇಡವೆಂದಲ್ಲ; ಅದು ವಿಷಯವನ್ನು ಮುಚ್ಚುವ ಮುದ್ರೆಯಂತೆ ಕೆಲಸಮಾಡುತ್ತದೆ ಎಂಬುದು ನೆನಪಿನಲ್ಲಿದ್ದರೆ ಅದನ್ನು ಎಲ್ಲಿ ಒತ್ತಬೇಕೆಂಬ ವಿವೇಕ ಬರುತ್ತದೆ. ‘ಇದು ಯಾವ ಬಣ್ಣ’, ‘ಎಷ್ಟಿವೆ ಹೇಳು’ ಎಂಬ ಪರೀಕ್ಷೆಯ ಪ್ರಶ್ನೆಗಳು ಆಟದ ನಡುವೆ ಬಂದರೆ ಎಷ್ಟೋ ಮಕ್ಕಳು ಎದ್ದು ಬೇರೆಡೆ ಹೋಗಿಬಿಡುತ್ತಾರೆ. ‘ಯಾಕೆ’ ಎಂಬುದು ಚಿಕ್ಕ ಮಕ್ಕಳಿಗೆ ಭಾರವಾದ ಪ್ರಶ್ನೆ, ಕೆಲವರಿಗೆ ಗದರಿಕೆಯಂತೆಯೂ ಕೇಳಿಸುತ್ತದೆ. ‘ಏನಾಯಿತು’, ‘ಆಮೇಲೆ’ ಎಂಬವು ಹಗುರ.

ಮಾತು ಬಾರದ ಕೂಸುಗಳೊಡನೆಯೂ ಸರದಿ ಇದ್ದೇ ಇರುತ್ತದೆ. ಕೂಸು ‘ಬಾ’ ಎಂದರೆ ನೀವೂ ‘ಬಾ’ ಎಂದು ನಿಲ್ಲಿಸಿ. ಮತ್ತೆ ಅದರ ಸರದಿ. ಇದನ್ನು ಪರದೆಯಿಂದ ಮಾಡಿಸಲು ಬರುವುದಿಲ್ಲ: 2003ರಲ್ಲಿ ಶಿಶುಗಳ ಭಾಷಾಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಸುಮಾರು 9 ತಿಂಗಳ ಅಮೆರಿಕನ್ ಶಿಶುಗಳು ಎದುರಿಗೆ ಕುಳಿತು ಆಡಿಸಿದವರಿಂದ ಚೀನೀ ಮ್ಯಾಂಡರಿನ್ ಭಾಷೆಯ ಧ್ವನಿವ್ಯತ್ಯಾಸಗಳನ್ನು ಕಲಿತವು, ಅದೇ ಮಾತನ್ನು ವಿಡಿಯೊದಲ್ಲಿ ನೋಡಿದವು ಕಲಿಯಲಿಲ್ಲ. ಬಟ್ಟೆ ಬದಲಿಸುವಾಗ, ಕೈ ತೊಳೆಸುವಾಗ, ಉಣಿಸುವಾಗ ಶಿಕ್ಷಕಿ ಹೇಗೂ ಒಂದೇ ಮಗುವಿನೊಡನೆ ಇರುತ್ತಾರೆ. ಈ ಕೆಲಸಗಳನ್ನು ಬೇಗ ಮುಗಿಸಬೇಕಾದ ಚಾಕರಿ ಎಂದು ನೋಡುವ ಕೇಂದ್ರಗಳು ದಿನದ ಅತ್ಯುತ್ತಮ ಅವಕಾಶವನ್ನೇ ಕಳೆದುಕೊಳ್ಳುತ್ತವೆ.

ಮಾತುಕತೆಯನ್ನು ಮುಗಿಸುವ ಹಕ್ಕು ಮಗುವಿಗಿರಲಿ. ಕೂಸು ಮುಖ ತಿರುಗಿಸುವುದು, ಬೆನ್ನು ಸೆಟೆಸುವುದು, ದೊಡ್ಡ ಮಗು ಹೊಸ ಆಟಿಕೆ ಎತ್ತಿಕೊಳ್ಳುವುದು, ಇವೆಲ್ಲ ‘ಇಷ್ಟು ಸಾಕು’ ಎಂಬುದರ ಗುರುತು. ಬೆನ್ನು ಹತ್ತಬೇಡಿ. ನೀವೇ ಏಳಬೇಕಾಗಿ ಬಂದರೆ ಹೇಳಿ ಏಳಿ, ಮರಳಿ ಬಂದಾಗ ಬಿಟ್ಟಲ್ಲಿಂದ ಎತ್ತಿಕೊಳ್ಳಿ. ನಡುವೆ ಕೆಲವು ಆರಂಭಗಳು ಕೈತಪ್ಪಿದರೆ ಗಾಬರಿಯಾಗಬೇಕಿಲ್ಲ. ತಾಯಿ ಏಕಾಏಕಿ ಮುಖವನ್ನು ಭಾವಶೂನ್ಯವಾಗಿಸಿಕೊಂಡಾಗ ಶಿಶು ಅವಳನ್ನು ಮರಳಿ ಸೆಳೆಯಲು ಹೇಗೆ ಹೆಣಗುತ್ತದೆಂದು 1970ರ ದಶಕದ ಪ್ರಯೋಗಗಳಲ್ಲಿ ತೋರಿಸಿದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಅವರೇ, ಸಹಜವಾದ ಒಡನಾಟದಲ್ಲೂ ತಾಯಿ-ಮಗುವಿನ ತಾಳ ಆಗಾಗ ತಪ್ಪುತ್ತಲೇ ಇರುತ್ತದೆ, ಅದನ್ನು ಮತ್ತೆ ಕೂಡಿಸಿಕೊಳ್ಳುವುದೇ ಮುಖ್ಯ ಎಂದು ವಿವರಿಸಿದ್ದಾರೆ.

ಒಬ್ಬ ಶಿಕ್ಷಕಿಗೆ ಇಪ್ಪತ್ತು ಮಕ್ಕಳಿದ್ದರೆ ಇದೆಲ್ಲ ಆಗುವ ಮಾತೇ ಎಂಬ ಪ್ರಶ್ನೆ ನ್ಯಾಯವಾದದ್ದು. ಎಲ್ಲರೊಡನೆ ಏಕಕಾಲಕ್ಕೆ ಆಗುವುದಿಲ್ಲ. ದೊಡ್ಡ ವೃತ್ತದಲ್ಲಿ ಕೂರಿಸಿ ಒಬ್ಬೊಬ್ಬರಿಗೂ ಒಂದೊಂದು ಪ್ರಶ್ನೆ ಹಂಚುವ ಹೊತ್ತನ್ನು ಕಡಿಮೆ ಮಾಡಿ, ಮೂರು ನಾಲ್ಕು ಮಕ್ಕಳ ಗುಂಪಿನ ಪಕ್ಕ ಕೂರುವ ಹೊತ್ತನ್ನು ಹೆಚ್ಚಿಸಿ. ಒಂದು ಮಗುವಿನ ಮಾತನ್ನು ಇನ್ನೊಂದಕ್ಕೆ ದಾಟಿಸಿ: ‘ನೀರು ಎಲ್ಲಿಗೆ ಹೋಯಿತು ಅಂತ ಇವಳು ಕೇಳುತ್ತಿದ್ದಾಳೆ, ನೀನು ನೋಡಿದೆಯಾ?’ ಮನೆಯಲ್ಲಿ ಬೇರೆ ಭಾಷೆ ಆಡುವ ಮಗು ತನ್ನ ಭಾಷೆಯಲ್ಲೇ ಹೇಳಿದರೆ ಅದನ್ನು ಉತ್ತರವೆಂದೇ ಸ್ವೀಕರಿಸಿ, ನಿಮ್ಮ ಸರದಿಯನ್ನು ಸನ್ನೆ ಬೆರೆಸಿ ಆಡಿ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಹಂಚಿಕೆಯಲ್ಲಿ. ವಾಚಾಳಿ ಮಗು ತಾನಾಗಿಯೇ ಬಂದು ಹತ್ತು ಸರದಿ ಗಿಟ್ಟಿಸಿಕೊಳ್ಳುತ್ತದೆ. ತಂಟೆ ಮಾಡದ ಮೌನಿ ಮಗುವಿಗೆ ದಿನವಿಡೀ ಸಿಗುವುದು ‘ಚಪ್ಪಲಿ ಹಾಕಿಕೋ’ ಎಂಬಂಥ ಆಜ್ಞೆಗಳು ಮಾತ್ರ. ವಾರಕ್ಕೊಮ್ಮೆ ಹಾಜರಿ ಪುಸ್ತಕ ತೆರೆದು, ಯಾವ ಹೆಸರಿನ ಮಗುವಿನೊಡನೆ ಆಡಿದ ಒಂದಾದರೂ ಮಾತುಕತೆ ನೆನಪಿಗೆ ಬರುತ್ತಿಲ್ಲವೋ ಆ ಹೆಸರಿಗೆ ಗುರುತು ಹಾಕಿ, ಮರುದಿನ ಆ ಮಗುವಿನ ಪಕ್ಕ ಹೋಗಿ ಕುಳಿತು, ಅದು ಆಡುತ್ತಿರುವ ಆಟವನ್ನೇ ನೀವೂ ಮಾತಿಲ್ಲದೆ ಆಡಿ. ಸಂಸ್ಥೆ ಮತ್ತು ಪೋಷಕರ ಒಪ್ಪಿಗೆ ಪಡೆದು ಹತ್ತು ನಿಮಿಷದ ಆಟದ ಹೊತ್ತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳುವುದು ಇನ್ನೂ ಒಳ್ಳೆಯದು. ಒಟ್ಟು ಎಷ್ಟು ಮಾತಾಡಿದಿರಿ ಎಂದು ನೋಡಬೇಡಿ; ಯಾವುದೇ ಒಂದು ವಿಷಯದ ಮೇಲೆ ಮಗು ಮತ್ತು ನೀವು ಕಡಿಯದೆ ಎಷ್ಟು ಸರದಿ ಆಡಿದಿರಿ, ಅದನ್ನು ಕಡಿದವರು ಯಾರು ಎಂದು ಎಣಿಸಿ, ಕೆಲವು ವಾರಗಳ ನಂತರ ದಿನದ ಅದೇ ಹೊತ್ತಿನಲ್ಲಿ ಮತ್ತೆ ಧ್ವನಿಮುದ್ರಿಸಿ ಹೋಲಿಸಿ.