ಸೆಕೆಂಡ್ ಸ್ಟೇಜ್ ಕವಾಟವನ್ನು ನಾನು ಹೊಂದಿಸುವ ಬಗೆ

ತರಬೇತಿ ಪಡೆದ ಮೇಲೆ ನನ್ನ ಸ್ಕೂಬಾ ರೆಗ್ಯುಲೇಟರಿನ (ನೀರೊಳಗೆ ಸಿಲಿಂಡರಿನ ಗಾಳಿಯನ್ನು ಉಸಿರಾಡಲು ಬಳಸುವ ಸಾಧನ) ಸೆಕೆಂಡ್ ಸ್ಟೇಜನ್ನು, ಅಂದರೆ ಬಾಯಲ್ಲಿ ಹಿಡಿಯುವ ಭಾಗವನ್ನು, ನಾನೇ ಬಿಚ್ಚಿ ಹೊಂದಿಸಿಕೊಳ್ಳುತ್ತಿದ್ದೇನೆ. ಆದರೂ ಈ ಕೆಲಸಕ್ಕೆ ಕೂತಾಗ ಮೊದಲು ಪರೀಕ್ಷಿಸುವುದು ಸಿಲಿಂಡರಿಗೆ ಜೋಡಿಸುವ ಫಸ್ಟ್ ಸ್ಟೇಜನ್ನು. ಸಿಲಿಂಡರಿನಲ್ಲಿರುವ ಸುಮಾರು 200 ಬಾರ್ ಒತ್ತಡವನ್ನು ಅದು ಸುತ್ತಲಿನ ಒತ್ತಡಕ್ಕಿಂತ 9ರಿಂದ 10 ಬಾರ್‌ನಷ್ಟು ಮಾತ್ರ ಹೆಚ್ಚಿರುವ ಮಟ್ಟಕ್ಕೆ ಇಳಿಸಿ ಹೋಸಿಗೆ ಬಿಡುತ್ತದೆ. ಈ ಮಧ್ಯಂತರ ಒತ್ತಡವೇ ಅಲುಗಾಡುತ್ತಿದ್ದರೆ ಮುಂದಿನ ಕವಾಟವನ್ನು ಎಷ್ಟು ತಿದ್ದಿದರೂ ಫಲವಿಲ್ಲ. ಆದ್ದರಿಂದ ಇನ್‌ಫ್ಲೇಟರ್ ಹೋಸಿಗೆ (ತೇಲುವ ಜಾಕೆಟಿಗೆ ಗಾಳಿ ತುಂಬುವ ಕೊಳವೆ) ಮಾಪಕ ಜೋಡಿಸಿ, ಸೆಕೆಂಡ್ ಸ್ಟೇಜಿನ ಕವಾಟವನ್ನು ಕೈಯಿಂದ ತೆರೆಯುವ ಪರ್ಜ್ ಬಟನ್ ಒತ್ತಿ ಬಿಟ್ಟು, ಮುಳ್ಳು ಒಂದೇ ಕಡೆ ನಿಲ್ಲುತ್ತದೆಯೋ, ನಿಧಾನವಾಗಿ ಮೇಲೇರುತ್ತದೆಯೋ ಎಂದು ಕೆಲವು ನಿಮಿಷ ಗಮನಿಸುತ್ತೇನೆ.

ನನ್ನದು ಡೌನ್‌ಸ್ಟ್ರೀಮ್ ಕವಾಟ. ಗಾಳಿ ಒಳಬರುವ ರಂಧ್ರವಾದ ಆರಿಫಿಸಿನ ಚೂಪಾದ ಅಂಚಿನ ಮೇಲೆ, ಅದನ್ನು ಮುಚ್ಚುವ ಬಿರಡೆಯಾದ ಪಾಪೆಟ್ಟಿನ ಮೆತ್ತನೆಯ ಸೀಟನ್ನು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ಹೋಸಿನಿಂದ ಬರುವ ಗಾಳಿ ಅದನ್ನು ತೆರೆಯುವ ದಿಕ್ಕಿನಲ್ಲೇ ತಳ್ಳುತ್ತಿರುತ್ತದೆ. ಫಸ್ಟ್ ಸ್ಟೇಜ್ ಕೆಟ್ಟು ಮಧ್ಯಂತರ ಒತ್ತಡ ಏರಿದರೆ ಈ ಕವಾಟ ತಾನಾಗಿ ತೆರೆದು ಗಾಳಿಯನ್ನು ಹೊರಬಿಡುತ್ತದೆ. ಆಗಲೂ ಮುಳುಗುಗಾರನಿಗೆ ಉಸಿರಾಡಲು ಗಾಳಿ ಸಿಗುತ್ತಲೇ ಇರುತ್ತದೆ, ಹೋಸ್ ಒಡೆಯುವ ಅಪಾಯವೂ ತಪ್ಪುತ್ತದೆ. ಈ ವಿನ್ಯಾಸವನ್ನು ನಾನು ಮೆಚ್ಚುವುದು ಮುಖ್ಯವಾಗಿ ಇದೇ ಕಾರಣಕ್ಕೆ.

ಕವಾಟವನ್ನು ತೆರೆಯುವ ಬಲ ಎಷ್ಟು ಅಲ್ಪವೆಂಬುದನ್ನು ಲೆಕ್ಕ ಹಾಕಿ ನೋಡಬೇಕು. ಸೆಕೆಂಡ್ ಸ್ಟೇಜಿನ ಪೆಟ್ಟಿಗೆಯಲ್ಲಿ ಹೊರಗಿನ ನೀರಿಗೂ ಒಳಗಿನ ಗಾಳಿಗೂ ನಡುವೆ ಇರುವ ಮೆತ್ತನೆಯ ಪರದೆಯೇ ಡಯಾಫ್ರಮ್. 7 ಸೆಂ.ಮೀ. ವ್ಯಾಸದ ಡಯಾಫ್ರಮಿನ ವಿಸ್ತೀರ್ಣ ಸುಮಾರು 38 ಚದರ ಸೆಂ.ಮೀ. ನಾವು 2.5 ಸೆಂ.ಮೀ. ನೀರಿನ ಎತ್ತರದಷ್ಟು ಒತ್ತಡವನ್ನು ಉಸಿರಿನಿಂದ ಇಳಿಸಿದಾಗ ಅದರ ಮೇಲೆ ಬೀಳುವುದು 100 ಗ್ರಾಂ ತೂಕಕ್ಕೂ ತುಸು ಕಡಿಮೆ ಬಲ. ಲಿವರ್ ಅದನ್ನು ಹಲವು ಪಟ್ಟು ಹೆಚ್ಚಿಸಿ ಪಾಪೆಟ್ಟನ್ನು ಹಿಂದಕ್ಕೆಳೆಯುತ್ತದೆ. ಸ್ಪ್ರಿಂಗಿನ ಬಲಕ್ಕೂ ಗಾಳಿಯ ತಳ್ಳುವಿಕೆಗೂ ಇರುವ ಸಣ್ಣ ವ್ಯತ್ಯಾಸವನ್ನಷ್ಟೇ ಮೀರಬೇಕಾಗಿರುವುದರಿಂದ ಇದು ಸಾಧ್ಯವಾಗುತ್ತದೆ.

ಬಿಚ್ಚಿದ ಬಳಿಕ ಸೀಟನ್ನು ಭೂತಗನ್ನಡಿಯಲ್ಲಿ ನೋಡುತ್ತೇನೆ. ನಯವಾದ, ಒಂದೇ ಸಮನಾದ ವೃತ್ತದ ಗುರುತು ಸಹಜವಾದದ್ದು. ಆಳವಾದ ಅಥವಾ ಜೋಡಿ ಗುರುತುಗಳಿದ್ದರೆ ಸೀಟನ್ನು ಬದಲಿಸುತ್ತೇನೆ. ಆರಿಫಿಸಿನ ಅಂಚಿನಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಹೊಸ ಸೀಟ್ ಸೋರುತ್ತದೆ. ಮರುಜೋಡಿಸಿ, ಹೋಸಿಗೂ ಸೆಕೆಂಡ್ ಸ್ಟೇಜಿಗೂ ನಡುವೆ, ಗಾಳಿಯ ಒತ್ತಡ ಇರುವಾಗಲೇ ಆರಿಫಿಸನ್ನು ತಿರುಗಿಸಬಲ್ಲ ಇನ್‌ಲೈನ್ ಉಪಕರಣ ಇಟ್ಟು, ಸಣ್ಣಗೆ ಸುಯ್ಯೆನ್ನುವ ಸ್ಥಿತಿಯಿಂದ ಆರಂಭಿಸಿ, ಸದ್ದು ಅಡಗುವವರೆಗೆ ಆರಿಫಿಸನ್ನು ಸ್ವಲ್ಪಸ್ವಲ್ಪವೇ ಒಳಕ್ಕೆ ತಿರುಗಿಸುತ್ತೇನೆ. ಅದಾದ ಮೇಲೆ ಇನ್ನೊಂದು ಕೂದಲೆಳೆಯಷ್ಟು ಮಾತ್ರ. ತಿರುಗಿಸುವಾಗ ಪ್ರತಿ ಸಲವೂ ಪರ್ಜ್ ಬಟನ್ ಒತ್ತಿ ಹಿಡಿದಿರಬೇಕು, ಇಲ್ಲವಾದರೆ ಆ ಅಂಚು ಸೀಟನ್ನು ಕೊರೆದುಬಿಡುತ್ತದೆ.

ಉಸಿರೆಳೆತವನ್ನು ಅಳೆಯಲು ನೀರು ತುಂಬಿದ ಪಾತ್ರೆಯೇ ಸಾಕು. ಮೌತ್‌ಪೀಸ್ ಮೇಲಕ್ಕೆ, ಡಯಾಫ್ರಮ್ ಕೆಳಕ್ಕೆ ಬರುವಂತೆ ಹಿಡಿದು ಮೆಲ್ಲನೆ ಇಳಿಸುತ್ತೇನೆ. ಗಾಳಿ ಹರಿಯತೊಡಗಿದ ಕ್ಷಣದಲ್ಲಿ ಡಯಾಫ್ರಮ್ ಎಷ್ಟು ಆಳದಲ್ಲಿದೆಯೋ ಅದೇ ಅಳತೆ. ಅದು 2.5ರಿಂದ 3.5 ಸೆಂ.ಮೀ. ಇದ್ದರೆ ನನಗೆ ತೃಪ್ತಿ. ಇನ್ನೂ ಹಗುರವಾಗಿಸುವ ಆಸೆಗೆ ಪೆಟ್ಟಿಗೆಯ ರಚನೆಯೇ ಮಿತಿ ಹಾಕುತ್ತದೆ. ಮುಖ ಕೆಳಗೆ ಮಾಡಿ ಈಜುವಾಗ ನಿಶ್ವಾಸದ ಕವಾಟ ಡಯಾಫ್ರಮಿಗಿಂತ ಸ್ವಲ್ಪ ಮೇಲಿರುತ್ತದೆ. ಒಳಗಿನ ಗಾಳಿ ಆ ಮೇಲಿನ ಮಟ್ಟದ ಒತ್ತಡಕ್ಕೆ ಇಳಿಯುತ್ತದೆ, ಡಯಾಫ್ರಮಿನ ಮೇಲೆ ಮಾತ್ರ ಆಳದ ನೀರು ಒತ್ತುತ್ತದೆ. ಎರಡರ ಅಂತರಕ್ಕಿಂತ ಕವಾಟ ಹಗುರವಾದರೆ ಯಾರೂ ಉಸಿರೆಳೆಯದಿದ್ದರೂ ಗಾಳಿ ಸುರಿಯುತ್ತಲೇ ಇರುತ್ತದೆ.

ಕೊನೆಗೆ ಸಿಲಿಂಡರ್ ಮುಚ್ಚಿ, ಹೋಸಿನ ಗಾಳಿ ಖಾಲಿ ಮಾಡಿ, ಮೌತ್‌ಪೀಸಿನಿಂದ ಎಳೆದು ನೋಡುತ್ತೇನೆ. ಏನೂ ಬರಬಾರದು, ಬಂದರೆ ಡಯಾಫ್ರಮ್ ಅಥವಾ ನಿಶ್ವಾಸದ ಕವಾಟ ಸೋರುತ್ತಿದೆ, ನೀರೊಳಗೆ ಅದೇ ದಾರಿಯಲ್ಲಿ ನೀರು ಬಾಯಿಗೆ ಬರುತ್ತದೆ. ಹೊಸ ಸೀಟ್ ಹಾಕಿದ್ದರೆ ಕೆಲವು ದಿನಗಳಲ್ಲಿ ಅದರ ಮೇಲೆ ಗುರುತು ಮೂಡಿ, ಸ್ಪ್ರಿಂಗಿನ ಬಿಗಿ ಅಷ್ಟಕ್ಕೆ ಸಡಿಲವಾಗಿ, ಸದ್ದು ಮರಳಬಹುದು. ಆದ್ದರಿಂದ ನೀರಿಗಿಳಿಯುವ ಮೊದಲು ಇನ್ನೊಮ್ಮೆ ಮಾಪಕ ಹಾಕಿ ಆ ಕೂದಲೆಳೆಯಷ್ಟನ್ನು ತಿದ್ದಿಕೊಳ್ಳುತ್ತೇನೆ.