ಮೂರು ಪಾಲಾದ ಅಡಿಕೆ ತೋಟ ಮತ್ತು ಪೈಥಾನ್

ತೀರ್ಥಹಳ್ಳಿ ಕಡೆ ನಮ್ಮದೊಂದು ಮೂರು ಎಕರೆ ಅಡಿಕೆ ತೋಟ. ಅಣ್ಣ, ತಂಗಿ, ನಾನು ಹಿಸ್ಸೆಯಾಗುವಾಗ ತಲಾ 40 ಗುಂಟೆ, ಅಂದರೆ 4,047 ಚದರ ಮೀಟರ್ ಬರಬೇಕಿತ್ತು. ಆದರೆ ತೋಟಕ್ಕೆ ನೇರ ಅಂಚೆಂಬುದೇ ಇಲ್ಲ. ಕೆಳಗೆ ಹಳ್ಳ ಬಳುಕಿದಂತೆ ಬಳುಕುತ್ತದೆ, ಮೇಲೆ ಸೊಪ್ಪಿನಬೆಟ್ಟದ ಅಗಳ (ಗಡಿಯ ಕಂದಕ) ಹೋದತ್ತ ಹೋಗುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆಕಾರಗಳ ಲೆಕ್ಕ ಮಾಡಿಕೊಡುವ ಶೇಪ್ಲಿ ಲೈಬ್ರರಿ ಹಿಡಿದು ಕೂತೆ.

ಮೂಲೆಗಳ ಅಳತೆಗೆ ಮೊಬೈಲ್ ಜಿಪಿಎಸ್ ನೆಚ್ಚಿಕೊಳ್ಳಲಿಲ್ಲ. ನೂರು ಮೀಟರ್ ಉದ್ದದ ಅಂಚು ನಾಲ್ಕು ಮೀಟರ್ ಸರಿದರೂ ಸುಮಾರು ನಾಲ್ಕು ಗುಂಟೆ ಹೋಯಿತು. ಅಷ್ಟಕ್ಕೇ ಮಾತು ಬಿಟ್ಟ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಭೂಮಾಪಕರಿಂದಲೇ ಅಳೆಸಿ, ಬಿಂದುಗಳನ್ನು ಯುಟಿಎಂ ಎಂಬ, ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಸ್ಥಾನ ಹೇಳುವ ನಕಾಶೆ ಪದ್ಧತಿಯ 43ನೇ ವಲಯದ ಮೀಟರುಗಳಿಗೆ ಬದಲಾಯಿಸಿದೆ. ಅಕ್ಷಾಂಶ, ರೇಖಾಂಶಗಳನ್ನೇ ಕೊಟ್ಟರೆ ಶೇಪ್ಲಿ ವಿಸ್ತೀರ್ಣವನ್ನು ಚದರ ಡಿಗ್ರಿಯಲ್ಲಿ ಹೇಳುತ್ತದೆ. ಅದನ್ನು ಯಾವ ಪಹಣಿಯಲ್ಲಿ ಬರೆಸುವುದು?

ಸಮಪಾಲು ಮಾಡುವ ಲೆಕ್ಕ ಸುಲಭ. ಒಂದು ಲಂಬ ಗೆರೆಯನ್ನು ಎಡದಿಂದ ಬಲಕ್ಕೆ ಸರಿಸುತ್ತ ಹೋದರೆ ಎಡಭಾಗದ ವಿಸ್ತೀರ್ಣ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಹಾಗಾಗಿ ನಡುವೆ ಗೆರೆ ಇಟ್ಟು ನೋಡುವುದು. ಎಡಭಾಗ ಮೂರನೇ ಒಂದಕ್ಕಿಂತ ಹೆಚ್ಚಾದರೆ ಹುಡುಕಾಟವನ್ನು ಎಡದ ಅರ್ಧಕ್ಕೆ, ಕಡಿಮೆಯಾದರೆ ಬಲದ ಅರ್ಧಕ್ಕೆ ಒಯ್ಯುವುದು. 150 ಮೀಟರ್ ಹರವು 20 ಸಲ ಅರ್ಧವಾದರೆ ಮಿಲಿಮೀಟರಿಗಿಂತ ಕಿರಿದು. ಎಡಭಾಗ ಪಡೆಯಲು ಗೆರೆಯಿಂದ ಕತ್ತರಿಸುವ ಬದಲು, ಗೆರೆಯ ಎಡಕ್ಕೆ ದೊಡ್ಡದೊಂದು ಆಯತವಿಟ್ಟು ತೋಟದೊಂದಿಗೆ ಅದರ ಛೇದನ, ಅಂದರೆ ಎರಡಕ್ಕೂ ಸೇರಿದ ಭಾಗ, ತೆಗೆದೆ. ಒಳಬಾಗಿದ ಅಂಚುಗಳಿದ್ದಾಗ ಈ ದಾರಿಯೇ ವಾಸಿ.

ತಲೆ ಕೆಡಿಸಿದ್ದು ಗೆರೆಯ ದಿಕ್ಕು. ಹಳ್ಳಕ್ಕೆ ಸಮಾನಾಂತರವಾಗಿ ಸೀಳಿದರೆ ಮೂರೂ ಪಾಲು ಕರಾರುವಾಕ್ಕು, ನೀರು ಮಾತ್ರ ಒಬ್ಬರಿಗೇ. ಅದಕ್ಕೆ ತೋಟವನ್ನು ಐದೈದು ಡಿಗ್ರಿ ತಿರುಗಿಸುತ್ತ ಪ್ರತಿ ಸಲವೂ ಪಾಲು ಮಾಡಿಸಿದೆ. ಪ್ರತಿ ಪಾಲೂ ಒಂದೇ ತುಂಡಾಗಿರಬೇಕು, ಹಳ್ಳವನ್ನೂ ಮೇಲಿನ ಗಾಡಿದಾರಿಯನ್ನೂ ಮುಟ್ಟಬೇಕು ಎಂಬ ಷರತ್ತು ಹಾಕಿದ್ದೆ. ಯಾವುದೇ ಪಾಲು ‘ಮಲ್ಟಿಪಾಲಿಗನ್’, ಅಂದರೆ ಬಿಡಿ ತುಂಡುಗಳು, ಎಂದು ಬಂದರೆ ಆ ಕೋನ ಅಲ್ಲಿಗೇ ರದ್ದು. ಉಳಿದವು ಹಳ್ಳಕ್ಕೆ ಹೆಚ್ಚುಕಡಿಮೆ ಅಡ್ಡಲಾದ ಕೆಲವೇ ಕೋನಗಳು.

ಆರಿಸಿಕೊಂಡ ಎರಡು ಗೆರೆಗಳಲ್ಲಿ ಒಂದು ಸರಿಯಾಗಿ ಅಡಿಕೆ ಮರದ ಸಾಲಿನ ಮೇಲೆ ಬಿತ್ತು. ಮರದ ನಡುವೆ ಬೇಲಿ ಹಾಕಲಾದೀತೇ? ಒಂದೂಕಾಲು ಮೀಟರ್ ಸರಿಸಿ ಬಸಿಗಾಲುವೆಗೆ ತಂದೆವು. ಗೆರೆಯ ಉದ್ದ ಸುಮಾರು 80 ಮೀಟರ್, ಅಲ್ಲಿಗೆ ಒಂದು ಗುಂಟೆ ಅತ್ತಿತ್ತ. ಆ ಗುಂಟೆ ತಂಗಿಗೆ ಹೋಯಿತು, ಅಣ್ಣನೂ ತಕರಾರು ತೆಗೆಯಲಿಲ್ಲ. ಮಳೆಗಾಲದಲ್ಲಿ ಕೊಳೆರೋಗ ಮೊದಲು ಕಾಣಿಸುವುದು ಅವಳ ಪಾಲಿನ ಮೂಲೆಯಲ್ಲೇ.