ಮೊಂಡು ಟ್ರಿಗರ್ ಹದಕ್ಕೆ ಬಂದದ್ದು: ನನ್ನ ಅನುಭವ

ಟೆಕ್ಸಾಸ್‌ನಲ್ಲಿ ಗ್ರೀನ್ ಕಾರ್ಡ್ ಕೈಸೇರಿದ ಮೇಲೆ, ಪರವಾನಗಿ ಇರುವ ಅಂಗಡಿಯಲ್ಲಿ ಹಿನ್ನೆಲೆ ತಪಾಸಣೆ ಮುಗಿಸಿ ಎಆರ್-15 ರೈಫಲ್‌ನ ಲೋವರ್ ರಿಸೀವರ್, ಅಂದರೆ ಟ್ರಿಗರ್ ಕೂರುವ ಕೆಳಭಾಗದ ಚೌಕಟ್ಟು ಕೊಂಡೆ. ಉಳಿದ ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ಜೋಡಿಸಿದೆ. ನಳಿಗೆ ಚೆನ್ನಾಗಿತ್ತು, ಟ್ರಿಗರ್ ಮಾತ್ರ ಮೊಂಡು. ಮಾಪಕದ ಕೊಕ್ಕೆ ಸಿಕ್ಕಿಸಿ ಎಳೆದರೆ ಏಳೂವರೆ ಪೌಂಡ್, ಅಂದರೆ ಸುಮಾರು 3.4 ಕಿಲೋ. ಖಾಲಿ ರೈಫಲ್‌ನ ತೂಕವೇ ಅಷ್ಟಿರಲಿಲ್ಲ! ಇದನ್ನು ದೋಷ ಎನ್ನುವಂತಿಲ್ಲ. ಅಮೆರಿಕದ ಸೈನ್ಯದ ಎಂ16ಎ2 ರೈಫಲ್‌ಗೆ 5.5ರಿಂದ 9.5 ಪೌಂಡ್‌ವರೆಗೂ ಒಪ್ಪಿಗೆಯಿದೆ. ಆದರೆ ನಾನು ಗುಂಡು ಹೊಡೆಯುವುದು ನೂರು ಗಜ ದೂರದ ಕಾಗದದ ಗುರಿಗೆ.

ನಿಜಕ್ಕೂ ಕಾಡಿದ್ದು ತೂಕಕ್ಕಿಂತ ಕರಕರ. ಟ್ರಿಗರ್‌ನ ಮೂತಿ ಹ್ಯಾಮರ್‌ನ (ಗುಂಡು ಸಿಡಿಸಲು ಏಟು ಕೊಡುವ ಸುತ್ತಿಗೆಯಂಥ ಭಾಗ) ಕಚ್ಚಿನಿಂದ ಜಾರುವಾಗ, ಮರಳಿನ ಮೇಲೆ ಕಬ್ಬಿಣ ಎಳೆದಂತೆ ಬೆರಳಿಗೆ ತಾಗುತ್ತಿತ್ತು. ಫಾಸ್ಫೇಟ್ ಲೇಪನದ ಒರಟುತನ ಅದು. ಚೇಂಬರ್ (ನಳಿಗೆಯಲ್ಲಿ ಗುಂಡು ಕೂರುವ ಜಾಗ) ಖಾಲಿಯೆಂದು ಕಣ್ಣಿಂದಲೂ ಬೆರಳಿಂದಲೂ ಖಚಿತ ಮಾಡಿಕೊಂಡು, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಕಚ್ಚಿಗೆ ಚೂರು ಗ್ರೀಸ್ ಸವರಿ ಖಾಲಿ ಟ್ರಿಗರ್ ಒತ್ತುತ್ತಾ ಹೋದೆ. ಕರಕರ ತಗ್ಗಿತು, ತೂಕ ಹೆಚ್ಚೇನೂ ಇಳಿಯಲಿಲ್ಲ.

ಕಚ್ಚನ್ನು ಕಲ್ಲಿನಿಂದ ಉಜ್ಜಿ ನುಣುಪು ಮಾಡು ಎಂದು ಸಲಹೆ ಕೊಡುವವರಿಗೆ ಬರವಿಲ್ಲ. ನಾನು ಕೇಳಲಿಲ್ಲ. ಸಾಧಾರಣ ಭಾಗಗಳಲ್ಲಿ ಗಟ್ಟಿಗೊಳಿಸಿದ ಪದರ ತೀರ ತೆಳು. ಅದು ಸವೆದರೆ ಒಳಗಿನ ಮೆದು ಉಕ್ಕು ಬೇಗ ತೇಯುತ್ತದೆ, ಕೋನ ಕೆಟ್ಟರೆ ರೈಫಲ್‌ನಿಂದ ಗುಂಡು ತಾನಾಗಿಯೇ ಹಾರಬಹುದು. ಹ್ಯಾಮರ್ ಸ್ಪ್ರಿಂಗನ್ನು ಸಡಿಲ ಮಾಡುವುದೂ ನನಗೆ ಒಪ್ಪಿಗೆಯಾಗಲಿಲ್ಲ. ಏಟು ಸಪ್ಪೆಯಾದರೆ ಗಟ್ಟಿ ಪ್ರೈಮರ್ (ಗುಂಡಿನ ಹಿಂಬದಿಯಲ್ಲಿ ಏಟಿಗೆ ಕಿಡಿ ಹೊತ್ತಿಸುವ ಬಟ್ಟಲು) ಸಿಡಿಯದೆ ಹೋಗಬಹುದು.

ಕೊನೆಗೆ ನಾಲ್ಕೂವರೆ ಪೌಂಡ್‌ನ ಎರಡು ಹಂತದ ಟ್ರಿಗರ್ ಕೊಂಡು ಹಾಕಿದೆ. ಎರಡು ಪಿನ್ ತಳ್ಳಿದರೆ ಹಳೆಯದು ಕೈಗೆ ಬರುತ್ತದೆ. ಹೊಸದನ್ನು ಕೂರಿಸುವಾಗ ನಿಗಾ ಇಡಬೇಕಾದದ್ದು ಹ್ಯಾಮರ್ ಸ್ಪ್ರಿಂಗ್‌ನ ಕಾಲುಗಳ ಮೇಲೆ: ಅವು ಟ್ರಿಗರ್ ಪಿನ್ನಿನ ಮೇಲೆ ಕೂರಬೇಕು, ಒಂದು ಕಾಲು ಪಿನ್ನಿನ ತೋಡಿನಲ್ಲಿ ಸಿಕ್ಕಿರಬೇಕು. ಅದೇ ಪಿನ್ ಸರಿಯದಂತೆ ಹಿಡಿಯುವುದು. ಅಪ್ಪರ್ (ನಳಿಗೆಯಿರುವ ಮೇಲ್ಭಾಗ) ಬಿಚ್ಚಿಟ್ಟಿರುವಾಗ ಹ್ಯಾಮರ್ ಬಿಡುವುದಾದರೆ ಹೆಬ್ಬೆರಳಿನಿಂದ ತಡೆದು ಇಳಿಸಬೇಕು. ಇಲ್ಲವಾದರೆ ಅಲ್ಯೂಮಿನಿಯಂ ಗೋಡೆಗೆ ಬಡಿಯುತ್ತದೆ.

ಮತ್ತೆ ಜೋಡಿಸಿ, ಗುಂಡಿಲ್ಲದೆ ಪರೀಕ್ಷೆ. ಸುರಕ್ಷತಾ ಗುಂಡಿ ಸೇಫ್‌ನಲ್ಲಿರುವಾಗ ಟ್ರಿಗರ್ ಎಳೆದರೆ ಹ್ಯಾಮರ್ ಬೀಳಕೂಡದು, ಬೆರಳು ತೆಗೆದು ಫೈರ್‌ಗೆ ತಿರುಗಿಸಿದಾಗಲೂ ಬೀಳಕೂಡದು. ಫೈರ್‌ನಲ್ಲಿ ಎಳೆದು, ಬೆರಳು ಬಿಡದೆ ಚಾರ್ಜಿಂಗ್ ಹ್ಯಾಂಡಲ್ (ಹ್ಯಾಮರನ್ನು ಮತ್ತೆ ಹಿಂದಕ್ಕೆ ಮಡಿಸುವ ಹಿಡಿ) ಜಗ್ಗಿದರೆ ಡಿಸ್ಕನೆಕ್ಟರ್ ಎಂಬ ಕೊಕ್ಕೆ ಹ್ಯಾಮರನ್ನು ಹಿಡಿಯಬೇಕು. ಟ್ರಿಗರನ್ನು ನಿಧಾನವಾಗಿ ಬಿಟ್ಟಾಗ ಟಕ್ ಎನ್ನಬೇಕು.

ಶೂಟಿಂಗ್ ರೇಂಜ್‌ನಲ್ಲಿ ಮೊದಲು ಮ್ಯಾಗಜೀನ್‌ಗೆ ಒಂದೇ ಗುಂಡು, ಆಮೇಲೆ ಎರಡು. ಒಂದೇ ಒತ್ತಿಗೆ ಎರಡೂ ಹಾರಿದ್ದರೆ ಅಲ್ಲಿಗೇ ನಿಲ್ಲಿಸಿ ಬಂದೂಕು ರಿಪೇರಿಯವರ ಬಳಿಗೆ ಒಯ್ಯುತ್ತಿದ್ದೆ. ಹಾಗಾಗಲಿಲ್ಲ. ಮೊದಲ ಹಂತ ಸಲೀಸಾಗಿ ಬಂದು ಒಂದು ತಡೆ ಸಿಗುತ್ತದೆ, ಅಲ್ಲಿ ಉಸಿರು ನಿಲ್ಲಿಸಿ ಇನ್ನಷ್ಟು ಒತ್ತಿದರೆ ಸಾಕು. ಕಾಗದದ ಮೇಲೆ ಗುಂಡಿನ ತೂತುಗಳ ಗುಂಪು ಕಿರಿದಾಗಿದೆ, ಕೆಳಕ್ಕೆ ಎಡಕ್ಕೆ ತಪ್ಪಿ ಹೋಗುತ್ತಿದ್ದ ಹೊಡೆತಗಳು ಬಹುತೇಕ ನಿಂತಿವೆ.